‘ಠ’ ದುಂಡಗಾಗದ ಯಂತ್ರ: ಮನೆಯಲ್ಲಿ ಕಟ್ಟಿದ ಸಿಎನ್‌ಸಿ ಮಿಲ್ಲಿಂಗ್ ಯಂತ್ರದ ಪ್ಲೇ ಹುಡುಕಿದ ಬಗೆ

ನಾನು ಮನೆಯಲ್ಲಿ ಕಟ್ಟಿದ, ಕಂಪ್ಯೂಟರ್ ಆಜ್ಞೆಯಂತೆ ಮರ ಕೊರೆಯುವ ಸಿಎನ್‌ಸಿ ಯಂತ್ರದ ದೋಷ ಮೊದಲು ಕಣ್ಣಿಗೆ ಬಿದ್ದದ್ದು ಒಂದು ಮನೆಯ ನಾಮಫಲಕದಲ್ಲಿ. ಮೇಲೆ ಕನ್ನಡದಲ್ಲಿ ‘ವೈಕುಂಠ’, ಕೆಳಗೆ ಅದೇ ಹೆಸರು ಇಂಗ್ಲಿಷ್ ದಪ್ಪಕ್ಷರಗಳಲ್ಲಿ. ಇಂಗ್ಲಿಷ್ ಸಾಲು ಅಚ್ಚಿನಲ್ಲಿ ಎರೆದಂತೆ ಬಂದಿತ್ತು. ಕನ್ನಡದ ಸಾಲಿನಲ್ಲಿ ಮಾತ್ರ ‘ಠ’ ಎರಡು ಪಕ್ಕೆಯಲ್ಲಿ ಒತ್ತಿದ ನಿಂಬೆಹಣ್ಣಿನಂತೆ ಕಾಣುತ್ತಿತ್ತು, ಅನುಸ್ವಾರದ ಸೊನ್ನೆಯೂ ಹಾಗೆಯೇ. ಫಲಕ ಮಾಡಿಸಿಕೊಂಡ ಪಕ್ಕದ ಮನೆಯ ಯಜಮಾನರು ಅದನ್ನು ಬೆಳಕಿಗೆ ಹಿಡಿದು ನೋಡಿ, “ನಿಮ್ಮ ಯಂತ್ರಕ್ಕೆ ಇನ್ನೂ ಕನ್ನಡ ಸರಿಯಾಗಿ ಬಂದಿಲ್ಲ” ಎಂದರು.

ತಮಾಷೆಯ ಮಾತಾದರೂ ದೋಷದ ಜಾಡು ಅದರಲ್ಲೇ ಇತ್ತು. ಆ ಹೆಸರಿನ ಇಂಗ್ಲಿಷ್ ಅಕ್ಷರಗಳಲ್ಲಿ ಒಂದನ್ನು ಬಿಟ್ಟರೆ ಉಳಿದವೆಲ್ಲ ನೇರ ಗೆರೆಗಳು. ಕನ್ನಡದ್ದು ಸುತ್ತು, ಕೊಂಬು, ಸೊನ್ನೆ. ದುಂಡು ಕೊರೆಯುವಾಗ ಪ್ರತಿ ಅಕ್ಷವೂ ಒಂದು ಸುತ್ತಿಗೆ ಎರಡು ಬಾರಿ ದಿಕ್ಕು ಬದಲಿಸುತ್ತದೆ, ಅದೂ ಉಳಿ ಮರದೊಳಗಿರುವಾಗಲೇ. ಯಂತ್ರದಲ್ಲಿ ಎಲ್ಲಾದರೂ ಸಡಿಲಿದ್ದರೆ, ಅಂದರೆ ಪ್ಲೇ ಇದ್ದರೆ, ಅದು ಬಯಲಾಗುವುದು ಆ ತಿರುವಿನಲ್ಲಿ. ನೇರ ಗೆರೆಯ ಅಕ್ಷರದಲ್ಲಿ ಅಷ್ಟೇ ತಪ್ಪಿದ್ದರೂ ಆರು ಮಿಲಿಮೀಟರ್ ಅಗಲದ ಕಂಬ ಐದೂಮುಕ್ಕಾಲು ಆದದ್ದು ಯಾರಿಗೂ ಕಾಣುವುದಿಲ್ಲ. ಬೆಂಗಳೂರಿನ ಅಂಗಡಿ ಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡ ಕಡ್ಡಾಯವಾದದ್ದು 2024ರಲ್ಲಿ. ಆಮೇಲೆ ಫಲಕ ಕೊರೆಯಲು ಯಂತ್ರ ಕಟ್ಟಿದವರಿಗೆ ಈ ಪರೀಕ್ಷೆ ತಪ್ಪಿದ್ದಲ್ಲ.

ಯಂತ್ರದ ಪರಿಚಯ

ಬರಹದ ಅಳತೆಗಳೆಲ್ಲ ಈ ಯಂತ್ರದವು, ಆದ್ದರಿಂದ ಎರಡು ಮಾತು. ಚೌಕಟ್ಟು 40×80 ಅಲ್ಯೂಮಿನಿಯಂ ಪ್ರೊಫೈಲ್. ಅಡ್ಡ ತೊಲೆಯ ಎರಡು ಪಕ್ಕದ ತಟ್ಟೆಗಳು ಪೀಣ್ಯದ ಗುಜರಿಯಲ್ಲಿ ತೂಕಕ್ಕೆ ಸಿಕ್ಕ 12 ಮಿ.ಮೀ. ಅಲ್ಯೂಮಿನಿಯಂ ತುಂಡುಗಳು. ಮೋಟಾರು, ಅದಕ್ಕೆ ಕರೆಂಟ್ ಕೊಟ್ಟು ನಡೆಸುವ ಡ್ರೈವರ್, ವೈರುಗಳು ಎಸ್.ಪಿ. ರಸ್ತೆಯವು. ಮೂರು ಅಕ್ಷಕ್ಕೂ 1605 ಬಾಲ್ ಸ್ಕ್ರೂ, ಅಂದರೆ 16 ಮಿ.ಮೀ. ದಪ್ಪ, ಒಂದು ಸುತ್ತಿಗೆ 5 ಮಿ.ಮೀ. ನಡೆ. ಮೋಟಾರು ಈ ಸ್ಕ್ರೂವನ್ನು ತಿರುಗಿಸಿದಾಗ ಅದರ ಮೇಲಿನ ಬಾಲ್ ನಟ್ ಉದ್ದಕ್ಕೆ ಸರಿದು ಗಾಡಿಯನ್ನು ಒಯ್ಯುತ್ತದೆ. ಸ್ಕ್ರೂವಿನ ಮೋಟಾರ್ ಬದಿಗೆ ಬಿಕೆ12, ಇನ್ನೊಂದು ತುದಿಗೆ ಬಿಎಫ್12 ಬೇರಿಂಗ್ ಬ್ಲಾಕ್. ಸಣ್ಣ ಸಣ್ಣ ಹೆಜ್ಜೆಯಲ್ಲಿ (ಸ್ಟೆಪ್) ತಿರುಗುವ ನೆಮಾ 23 ಸ್ಟೆಪ್ಪರ್ ಮೋಟಾರು, 36 ವೋಲ್ಟ್ ಸಪ್ಲೈ, ಆರ್ಡುಯಿನೊ ಉನೊ ಬೋರ್ಡಿನ ಮೇಲೆ ಯಂತ್ರ ನಡೆಸುವ ಸಾಫ್ಟ್‌ವೇರ್ ಜಿಆರ್‌ಬಿಎಲ್. ಉಳಿ ತಿರುಗಿಸುವ ಸ್ಪಿಂಡಲ್ ಜಾಗದಲ್ಲಿ ಬಡಗಿಗಳು ಬಳಸುವ ಟ್ರಿಮ್ಮರ್. ವೈ ಅಕ್ಷ ಹಿಂದೆಮುಂದೆ ಓಡುವಂಥದ್ದು. ಎಕ್ಸ್ ಅಕ್ಷ ಎಂದರೆ ತೊಲೆಯ ಮೇಲೆ ಟ್ರಿಮ್ಮರ್ ಎಡಬಲಕ್ಕೆ ಓಡುವ ಅಕ್ಷ. ಕಾಯಿಲೆ ಅದರದ್ದೇ.

ಮೊದಲು ಮಾಡಿದ ತಪ್ಪು

ನಾನು ಮಾಡಿದ ಮೊದಲ ಕೆಲಸ ವರ್ನಿಯರ್ ಹಿಡಿದು 20 ಮಿ.ಮೀ. ಬಿಲ್ಲೆಯೊಂದನ್ನು ಅಳೆದದ್ದು. ಎಕ್ಸ್ ದಿಕ್ಕಿನಲ್ಲಿ 19.76, ವೈ ದಿಕ್ಕಿನಲ್ಲಿ 19.98. ಎರಡನೆಯ ಕೆಲಸ, ಈಗ ನೆನೆದರೆ ನಾಚಿಕೆಯಾಗುವಂಥದ್ದು: ಜಿಆರ್‌ಬಿಎಲ್ ಸೆಟ್ಟಿಂಗ್ $100ರಲ್ಲಿದ್ದ ಪ್ರತಿ ಮಿಲಿಮೀಟರಿನ ಸ್ಟೆಪ್ ಸಂಖ್ಯೆಯನ್ನು 640ರಿಂದ 648ಕ್ಕೆ ಏರಿಸಿಬಿಟ್ಟೆ. ಬಿಲ್ಲೆ ಸರಿಯಾಯಿತು. ಮರುದಿನ 200 ಮಿ.ಮೀ. ಹಲಗೆ ಕತ್ತರಿಸಿದರೆ ಸುಮಾರು 2.2 ಮಿ.ಮೀ. ಉದ್ದ ಬಂತು.

640 ಎಂಬುದು ಊಹೆಯ ಸಂಖ್ಯೆಯಲ್ಲ. ಮೋಟಾರಿನ ಒಂದು ಸುತ್ತಿಗೆ 200 ಸ್ಟೆಪ್, ಡ್ರೈವರಿನಲ್ಲಿ ಒಂದು ಸ್ಟೆಪ್ಪಿಗೆ 16 ಪಾಲು, ಒಟ್ಟು 3200. ಅದನ್ನು 5 ಮಿ.ಮೀ.ಯಿಂದ ಭಾಗಿಸಿದರೆ 640. ಬೆಲ್ಟ್ ಯಂತ್ರದಲ್ಲಿ ಬೆಲ್ಟ್ ಹಿಗ್ಗುತ್ತದೆ, ಅಲ್ಲಿ ಅಳೆದು ತಿದ್ದುವುದಕ್ಕೆ ಅರ್ಥವಿದೆ. ಸ್ಕ್ರೂ ಯಂತ್ರದಲ್ಲಿ ಈ ಸಂಖ್ಯೆಯನ್ನು ಲೆಕ್ಕ ಹಾಕಿ ಬರೆದ ಮೇಲೆ ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ. ಮುಟ್ಟಬೇಕೆನಿಸಿದರೆ ತಪ್ಪು ಬೇರೆಲ್ಲೋ ಇದೆ.

ಆಮೇಲೆ ವೇಗ ಕಡಿಮೆ ಮಾಡಿ ನೋಡಿದೆ, ಬದಲಾವಣೆ ಇಲ್ಲ. ಕೊನೆಗೆ ಬಾಲ್ ನಟ್ ಸವೆದಿದೆ ಎಂದು ತೀರ್ಮಾನಿಸಿ ಹೊಸ ನಟ್ ತರಿಸಿದೆ. ಅದನ್ನು ಹಾಕಿಸಲು ಸ್ಕ್ರೂ ಬಿಚ್ಚಿಕೊಂಡು ಪರಿಚಯದ ಲೇತ್ ಅಂಗಡಿಗೆ ಹೋದಾಗ ಅಲ್ಲಿನ ಮೇಸ್ತ್ರಿ ಹಳೆಯ ನಟ್ಟನ್ನು ಕೈಯಲ್ಲಿ ಆಡಿಸಿ ನೋಡಿದರು. “ಸಾರ್, ನಟ್ ಚೆನ್ನಾಗಿಯೇ ಇದೆ. ಪ್ಲೇ ಎಲ್ಲಿದೆ ಎಂದು ಡಯಲ್ ಇಟ್ಟು ನೋಡಿದಿರಾ, ಇಲ್ಲ ಹಾಗೆಯೇ ಬಿಚ್ಚಿಕೊಂಡು ಬಂದಿರಾ?” ಹಾಗೆಯೇ ಬಿಚ್ಚಿಕೊಂಡು ಹೋಗಿದ್ದೆ. ಸ್ಕ್ರೂ ವಾಪಸ್ಸು ಜೋಡಿಸಿದ ಮೇಲೆ ಪತ್ತೆಯ ಕೆಲಸ ಶುರುವಾಯಿತು.

ತಪ್ಪು ಯಾವುದರ ಜೊತೆ ಬೆಳೆಯುತ್ತದೆ?

ಕೇಳಬೇಕಾದ ಪ್ರಶ್ನೆ ಇದು. ಉತ್ತರ ಸಿಗುವವರೆಗೆ ಒಂದು ಬೋಲ್ಟನ್ನೂ ಸಡಿಲಿಸುವ ಅಗತ್ಯವಿಲ್ಲ.

ಒಂದು ಎಂಡಿಎಫ್ ಹಲಗೆಯಲ್ಲಿ 20 ಮಿ.ಮೀ. ಬಿಲ್ಲೆ, 20 ಮಿ.ಮೀ. ತೂತು, 100 ಮಿ.ಮೀ. ಬಿಲ್ಲೆ ಕತ್ತರಿಸಿ. ಪ್ರತಿಯೊಂದನ್ನೂ ಎಕ್ಸ್ ಮತ್ತು ವೈ ದಿಕ್ಕಿನಲ್ಲಿ ಬೇರೆಬೇರೆಯಾಗಿ ಅಳೆಯಿರಿ. ಕತ್ತರಿಸುವ ಮುನ್ನ ಹಲಗೆಯ ಮೇಲೆ ಎಕ್ಸ್ ದಿಕ್ಕಿಗೆ ಪೆನ್ಸಿಲ್ ಬಾಣ ಹಾಕಿಡಿ, ಬಿಲ್ಲೆ ಕೈಗೆ ಬಂದ ಮೇಲೆ ಯಾವ ಕಡೆ ಯಾವುದೆಂದು ಗೊತ್ತಾಗುವುದಿಲ್ಲ. ನನ್ನ ಅಳತೆಯಲ್ಲಿ ಎಕ್ಸ್ ದಿಕ್ಕಿಗೆ ಚಿಕ್ಕ ಬಿಲ್ಲೆ 19.76, ತೂತು 19.77, ದೊಡ್ಡ ಬಿಲ್ಲೆ 99.75.

ಚಿಕ್ಕದರಲ್ಲಿ 0.24 ಕಡಿಮೆ, ದೊಡ್ಡದರಲ್ಲೂ ಹೆಚ್ಚುಕಡಿಮೆ ಅಷ್ಟೇ. ಸ್ಟೆಪ್ ಲೆಕ್ಕ ತಪ್ಪಿದ್ದರೆ ದೊಡ್ಡ ಬಿಲ್ಲೆಯಲ್ಲಿ ತಪ್ಪು ಐದು ಪಟ್ಟಾಗಬೇಕಿತ್ತು, ಆಗಿಲ್ಲ. ಉಳಿಯ ದಪ್ಪ ತಪ್ಪಾಗಿ ಬರೆದಿದ್ದರೆ, ಅಥವಾ ಉಳಿ ಹಿಡಿಯುವ ಕೊಲೆಟ್‌ನಲ್ಲಿ ಅದು ಸೊಟ್ಟಗೆ ತಿರುಗುತ್ತಿದ್ದರೆ, ಬಿಲ್ಲೆ ಚಿಕ್ಕದಾದಷ್ಟೂ ತೂತು ದೊಡ್ಡದಾಗಬೇಕಿತ್ತು. ಅದೂ ಎರಡು ದಿಕ್ಕಿನಲ್ಲಿ ಸಮನಾಗಿ. ಇಲ್ಲಿ ಬಿಲ್ಲೆಯೂ ಕುಗ್ಗಿದೆ, ತೂತೂ ಕುಗ್ಗಿದೆ, ಒಂದೇ ದಿಕ್ಕಿನಲ್ಲಿ. ಉಳಿ ನಡೆದ ದಾರಿಯೇ ಆ ದಿಕ್ಕಿಗೆ 0.24 ಕಿರಿದಾಗಿದೆ. ಲೇತ್ ಅಂಗಡಿಯಲ್ಲಿ ‘ಪ್ಲೇ’ ಎನ್ನುವ, ಪುಸ್ತಕದಲ್ಲಿ ಬ್ಯಾಕ್‌ಲ್ಯಾಶ್ ಎನ್ನುವ ದೋಷದ ಗುರುತು ಇದು. ಬಲಕ್ಕೆ ಹೋಗುತ್ತಿದ್ದ ಅಕ್ಷ ಎಡಕ್ಕೆ ತಿರುಗುವಾಗ ಮೋಟಾರು ಮೊದಲು ಸಡಿಲನ್ನು ತುಂಬಿಕೊಳ್ಳುತ್ತದೆ. ಅಷ್ಟು ಹೊತ್ತು ಟ್ರಿಮ್ಮರ್ ಎಕ್ಸ್‌ನಲ್ಲಿ ನಿಂತಲ್ಲೇ ನಿಂತು ವೈ ದಿಕ್ಕಿಗೆ ಮಾತ್ರ ಸಾಗುತ್ತದೆ. ಆದ್ದರಿಂದ ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ವೃತ್ತ ಚಪ್ಪಟೆಯಾಗುತ್ತದೆ. ನಿಮ್ಮ ವೃತ್ತ ಹನ್ನೆರಡು ಮತ್ತು ಆರರಲ್ಲಿ ಚಪ್ಪಟೆಯಾಗಿದ್ದರೆ ವೈ ಅಕ್ಷವನ್ನು ನೋಡಿ. ಮೂಲೆಯಿಂದ ಮೂಲೆಗೆ ಓರೆಯಾಗಿ ಉದ್ದವಾಗಿದ್ದರೆ ಪ್ಲೇ ಹುಡುಕಬೇಡಿ, ತೊಲೆ ಮತ್ತು ಹಳಿಗಳ ನಡುವೆ ಲಂಬಕೋನ ತಪ್ಪಿದೆ. 300×400 ಆಯತ ಗೀಚಿ ಎರಡೂ ಕರ್ಣ ಅಳೆಯಿರಿ, ಎರಡೂ 500 ಬರಬೇಕು.

ಡಯಲ್ ಇಡುವುದು

ಕತ್ತರಿಸಿದ ತುಂಡಿನಲ್ಲಿ ಪ್ಲೇ ಜೊತೆಗೆ ಚೌಕಟ್ಟಿನ ಬಾಗುವಿಕೆಯೂ ಬೆರೆತಿರುತ್ತದೆ. ಎರಡನ್ನು ಬೇರ್ಪಡಿಸಲು ಕತ್ತರಿಸದೆ ಅಳೆಯಬೇಕು. ಟ್ರಿಮ್ಮರಿನ ಪ್ಲಗ್ ಕಿತ್ತಿಡಿ. 0.01 ಮಿ.ಮೀ. ತೋರಿಸುವ ಡಯಲ್ ಗೇಜನ್ನು ಆಯಸ್ಕಾಂತದ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಅಲ್ಯೂಮಿನಿಯಂ ಮೇಲೆ ಆಯಸ್ಕಾಂತ ಹಿಡಿಯುವುದಿಲ್ಲ, ನಾನು ಮೇಜಿಗೆ ಒಂದು ಕಬ್ಬಿಣದ ತಟ್ಟೆಯನ್ನು ಬೋಲ್ಟ್ ಮಾಡಿಕೊಂಡೆ. ಡಯಲಿನ ಮೊನೆ ಟ್ರಿಮ್ಮರ್ ತಟ್ಟೆಗೆ ತಾಗಲಿ. ಅಕ್ಷವನ್ನು ಒಂದೇ ದಿಕ್ಕಿನಲ್ಲಿ ಕೆಲವು ಮಿಲಿಮೀಟರ್ ಓಡಿಸಿ, ಡಯಲ್ ಸೊನ್ನೆ ಮಾಡಿ. ಈಗ ವಿರುದ್ಧ ದಿಕ್ಕಿಗೆ 0.01ರಂತೆ ಆಜ್ಞೆ ಕೊಡುತ್ತಾ ಹೋಗಿ. ಮುಳ್ಳು ಅಲುಗುವ ಮುನ್ನ ಎಷ್ಟು ಆಜ್ಞೆ ವ್ಯರ್ಥವಾದವು ಎಂದು ಎಣಿಸಿ. ನನಗೆ 24 ಆದವು. ಕತ್ತರಿಸಿದಾಗಲೂ 0.24, ಕತ್ತರಿಸದೆಯೂ 0.24. ಅಂದರೆ ಚೌಕಟ್ಟು ಬಾಗುತ್ತಿಲ್ಲ. ಗುಜರಿಯ ತಟ್ಟೆಗಳ ಮೇಲಿದ್ದ ಅನುಮಾನ ಅಲ್ಲಿಗೆ ಬಗೆಹರಿಯಿತು.

ಇನ್ನು ಈ 0.24 ಎಲ್ಲಿ ಕುಳಿತಿದೆ? ಮೋಟಾರಿನಿಂದ ಟ್ರಿಮ್ಮರಿನವರೆಗೆ ಸರಪಳಿಯಂತೆ ನೋಡಿದರೆ ಮೋಟಾರನ್ನು ಸ್ಕ್ರೂವಿಗೆ ಜೋಡಿಸುವ ಕಪ್ಲಿಂಗ್, ತುದಿಯ ಬೇರಿಂಗ್, ಬಾಲ್ ನಟ್, ನಟ್ ಹಿಡಿದಿರುವ ಬ್ರಾಕೆಟ್, ಹಳಿಯ ಗಾಡಿಗಳು.

ಕಪ್ಲಿಂಗನ್ನು ಕಣ್ಣಿನಿಂದಲೇ ತೀರಿಸಬಹುದು. 5 ಮಿ.ಮೀ. ನಡೆಯ ಸ್ಕ್ರೂವಿನಲ್ಲಿ 0.24 ಎಂದರೆ 17 ಡಿಗ್ರಿ ತಿರುವು. ಮೋಟಾರ್ ದಂಡ, ಕಪ್ಲಿಂಗ್, ಸ್ಕ್ರೂ ಮೂರರ ಮೇಲೂ ಹಾಯುವಂತೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ದಿಕ್ಕು ಬದಲಿಸಿದಾಗ ಗೆರೆ ಅಷ್ಟು ಮುರಿದರೆ ಕನ್ನಡಕವಿಲ್ಲದೆಯೂ ಕಾಣುತ್ತದೆ. ನನ್ನದು ಮುರಿಯಲಿಲ್ಲ. ಮುರಿದರೆ ಕಪ್ಲಿಂಗನ್ನು ದಂಡಕ್ಕೆ ಒತ್ತಿ ಹಿಡಿಯುವ ಗ್ರಬ್ ಸ್ಕ್ರೂ ಬಿಗಿ ಮಾಡಿ. ಅದಕ್ಕೂ ಮೊದಲು ದಂಡದ ಮೇಲೆ ಅರದಿಂದ ಚಿಕ್ಕ ಚಪ್ಪಟೆ ಮಾಡಿಕೊಂಡರೆ ಅದು ಮತ್ತೆ ಜಾರುವುದಿಲ್ಲ.

ಮುಂದಿನ ಪರೀಕ್ಷೆ ಆ ಮೇಸ್ತ್ರಿ ಹೇಳಿಕೊಟ್ಟದ್ದು. ಸ್ಕ್ರೂವಿನ ತುದಿಯ ಮಧ್ಯದಲ್ಲಿ ಸಾಮಾನ್ಯವಾಗಿ ಒಂದು ಸೆಂಟರ್ ಕುಳಿ ಇರುತ್ತದೆ. ಹಳೆಯ ಬೇರಿಂಗಿನ ಒಂದು ಗುಂಡನ್ನು ಗ್ರೀಸ್ ಹಚ್ಚಿ ಆ ಕುಳಿಗೆ ಅಂಟಿಸಿ, ಡಯಲಿನ ಚಪ್ಪಟೆ ಮೊನೆಯನ್ನು ಗುಂಡಿಗೆ ತಾಗಿಸಬೇಕು. ಸ್ಕ್ರೂ ತಿರುಗಿದರೆ ಮುಳ್ಳು ಅಲುಗುವುದಿಲ್ಲ, ಸ್ಕ್ರೂ ಉದ್ದಕ್ಕೆ ಸರಿದರೆ ಮಾತ್ರ ಅಲುಗುತ್ತದೆ. ಈಗ ಮೋಟಾರಿಗೆ ವಿದ್ಯುತ್ ಕೊಟ್ಟು ಹಿಡಿತದಲ್ಲಿಟ್ಟು, ಟ್ರಿಮ್ಮರ್ ಗಾಡಿಯನ್ನು ಕೈಯಿಂದ ಎಡಕ್ಕೂ ಬಲಕ್ಕೂ ಒತ್ತಿ. ಸರಿಯಾಗಿರುವ ಯಂತ್ರದಲ್ಲಿ ಈ ಸ್ಕ್ರೂ ಉದ್ದಕ್ಕೆ ಒಂದೆರಡು ನೂರಾಂಶಕ್ಕಿಂತ ಹೆಚ್ಚು ಸರಿಯಬಾರದು. ಜೋರಾಗಿ ಒತ್ತಿದರೆ ಮೋಟಾರು ತಾನೇ ತುಸು ಬಗ್ಗಿ ಸ್ಕ್ರೂ ತಿರುಗುವುದುಂಟು. ಒಂದು ಪೂರ್ಣ ಸ್ಟೆಪ್ ಎಂದರೆ 0.025 ಮಿ.ಮೀ., ಗಾಡಿ ಅಷ್ಟು ಅಲುಗಿದರೆ ಗಾಬರಿಯಾಗಬೇಡಿ.

ನನ್ನ ಮುಳ್ಳು 0.20 ಓಡಿತು. ಗಾಡಿ ಅಲುಗಾಡಿದ 0.24ರಲ್ಲಿ 0.20 ಸ್ಕ್ರೂವಿನ ಓಡಾಟ. ನಟ್ಟಿನ ಪಾಲು ಬರೀ 0.04. ನಾನು ದುಡ್ಡು ಕೊಟ್ಟು ತರಿಸಿದ ನಟ್ ದೋಷದ ಆರನೆಯ ಒಂದು ಭಾಗಕ್ಕೆ ಮಾತ್ರ ಮದ್ದಾಗಿತ್ತು.

ಬಿಕೆ12ರ ಒಳಗೆ

ಸ್ಕ್ರೂವನ್ನು ಉದ್ದಕ್ಕೆ ಹಿಡಿದಿಡುವುದು ಮೋಟಾರ್ ಬದಿಯ ಬ್ಲಾಕ್ ಒಂದೇ. ಇನ್ನೊಂದು ತುದಿಯ ಬಿಎಫ್ ಬ್ಲಾಕ್ ಸ್ಕ್ರೂವಿನ ಭಾರ ಹೊರುತ್ತದೆಯೇ ಹೊರತು ತಡೆಯುವುದಿಲ್ಲ. ಬಿಸಿಯಾದ ಸ್ಕ್ರೂ ಉದ್ದವಾಗಲು ಜಾಗ ಬೇಕೆಂದು ಬೇಕೆಂದೇ ಹಾಗೆ ಮಾಡಿರುತ್ತಾರೆ. ಅದನ್ನು ‘ಬಿಗಿ’ ಮಾಡಲು ಹೋಗಬೇಡಿ.

ಬಿಕೆ ಬ್ಲಾಕಿನ ಲಾಕ್ ನಟ್ ಮುಟ್ಟಿ ನೋಡಿದರೆ ಬೆರಳಿಗೇ ತಿರುಗಿತು. ಅದರ ಚಿಕ್ಕ ಗ್ರಬ್ ಸ್ಕ್ರೂ ಕಂಪನಕ್ಕೆ ಸಡಿಲಾಗಿತ್ತು. ಬಿಗಿ ಮಾಡಿ ಮತ್ತೆ ಅಳೆದಾಗ ಒಟ್ಟು ಪ್ಲೇ 0.24ರಿಂದ 0.11ಕ್ಕೆ ಇಳಿಯಿತು. ಐದು ನಿಮಿಷದ ಕೆಲಸ, ಖರ್ಚಿಲ್ಲ. ಹೆಚ್ಚಿನವರ ಯಂತ್ರ ಇಲ್ಲಿಗೇ ಗುಣವಾಗುತ್ತದೆ ಎಂದು ನನ್ನ ಅಂದಾಜು.

ಇನ್ನೂ 0.07 ಸ್ಕ್ರೂವಿನಲ್ಲೇ ಉಳಿದಿತ್ತು. ಬ್ಲಾಕ್ ಬಿಚ್ಚಿದಾಗ ಕಾರಣ ಸಿಕ್ಕಿತು. ಒಳಗಿದ್ದದ್ದು 6001 ಸಂಖ್ಯೆಯ ಸಾಮಾನ್ಯ ಬಾಲ್ ಬೇರಿಂಗ್ ಜೋಡಿ. ಈ ಜಾತಿಯ ಬೇರಿಂಗ್ ಅಡ್ಡಲಾಗಿ ಬೀಳುವ ಭಾರಕ್ಕೆ ಒಳ್ಳೆಯದು, ಆದರೆ ಒಳ ಉಂಗುರ ಹೊರ ಉಂಗುರದೊಳಗೆ ಉದ್ದಕ್ಕೆ ತುಸು ಆಡುವುದು ಅದರ ಹುಟ್ಟುಗುಣ. ಎರಡು ಬೇರಿಂಗ್ ಒತ್ತೊತ್ತಾಗಿ ಕೂತಾಗ ಲಾಕ್ ನಟ್ ಎಷ್ಟು ಬಿಗಿದರೂ ಒಳ ಉಂಗುರಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆಯೇ ಹೊರತು ಒಳಗಿನ ಆಟ ಹೋಗುವುದಿಲ್ಲ. ಅಲ್ಲಿರಬೇಕಾದದ್ದು ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್, ಅಂದರೆ ಗುಂಡುಗಳು ಓರೆಯಾಗಿ ಒತ್ತಿ ಉದ್ದದ ಒತ್ತಡ ತಡೆಯುವಂಥವು.

ಜುಗಾಡದ ಬುದ್ಧಿ ಮೊದಲು ಓಡಿದ್ದು ತಗಡಿನ ಕಡೆಗೆ. ಎರಡು ಹೊರ ಉಂಗುರಗಳ ನಡುವೆ ತೆಳು ಶಿಮ್ ಇಟ್ಟು ಒಳ ಉಂಗುರಗಳನ್ನು ನಟ್‌ನಿಂದ ಹತ್ತಿರ ಎಳೆದರೆ ಆಟ ತುಂಬಿಹೋಗುತ್ತದೆ. ತತ್ತ್ವ ಸರಿ. ತಂಪು ಪಾನೀಯದ ಡಬ್ಬಿ ಕತ್ತರಿಸಿ ಉಂಗುರ ಮಾಡಿ ಇಟ್ಟೆ. ಆ ತಗಡು ಸುಮಾರು 0.1 ಮಿ.ಮೀ. ದಪ್ಪ, ತುಂಬಬೇಕಿದ್ದ ಆಟ 0.07. ಪ್ಲೇ ಮಾಯವಾಯಿತು, ಬಿಗಿತ ಹೆಚ್ಚಾಗಿ ಸ್ಕ್ರೂ ಕೈಯಿಂದ ತಿರುಗಿಸಿದರೆ ಮರಳು ಸಿಕ್ಕಿದಂತೆ ಕರಕರ ಎನ್ನತೊಡಗಿತು. ಓಡುತ್ತದೆ ಬಿಡು ಎಂದು ಫಲಕ ಕೊರೆಯಲು ಕೂತೆ.

ನಾನೇ ತಂದುಕೊಂಡ ಎರಡನೆಯ ದೋಷ

ಈ ಬಾರಿ ‘ವೈಕುಂ’ವರೆಗೆ ದುಂಡು ದುಂಡಾಗಿ ಬಂತು. ‘ಠ’ ಮತ್ತು ಅದರ ಆಮೇಲೆ ಕೊರೆದದ್ದೆಲ್ಲವೂ ಇದ್ದಕ್ಕಿದ್ದಂತೆ ಎಡಕ್ಕೆ ಸರಿದು ಕೂತವು. ಆಕಾರ ಸರಿ, ಜಾಗ ತಪ್ಪು.

ಪ್ಲೇ ಹೀಗೆ ಮಾಡುವುದಿಲ್ಲ. ಪ್ಲೇ ಎಷ್ಟೇ ಇದ್ದರೂ ಕೆಲಸ ಮುಗಿಸಿ ಒಂದೇ ಕಡೆಯಿಂದ ಸೊನ್ನೆಗೆ ವಾಪಸ್ಸು ಬಂದರೆ ಡಯಲ್ ಸೊನ್ನೆಯನ್ನೇ ತೋರಿಸುತ್ತದೆ. ಇಲ್ಲಿ ಡಯಲ್ 0.30 ತೋರಿಸಿತು. ಆ ಸಂಖ್ಯೆಯೇ ಕಾರಣ ಹೇಳಿತು. ಸ್ಟೆಪ್ಪರ್ ಮೋಟಾರು ಭಾರ ತಾಳದೆ ಹಿಡಿತ ತಪ್ಪಿದಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ನಾಲ್ಕು ಪೂರ್ಣ ಸ್ಟೆಪ್ ಅಂತರದಲ್ಲಿ ಅದಕ್ಕೆ ಮತ್ತೆ ಹಿಡಿತ ಸಿಗುತ್ತದೆ. ನಾಲ್ಕು ಸ್ಟೆಪ್ ಎಂದರೆ 7.2 ಡಿಗ್ರಿ, ನನ್ನ ಸ್ಕ್ರೂವಿನಲ್ಲಿ ಸರಿಯಾಗಿ 0.1 ಮಿ.ಮೀ. ಆದ್ದರಿಂದ ತಪ್ಪು 0.1, 0.2, 0.3 ಹೀಗೆ ಬಂದರೆ ಮೋಟಾರು ಸ್ಟೆಪ್ ಕಳೆದುಕೊಂಡಿದೆ ಎಂದು ತಿಳಿಯಿರಿ. 0.17ರಂಥ ಬಿಡಿ ಸಂಖ್ಯೆ ಬಂದರೆ ಕಪ್ಲಿಂಗ್ ಜಾರಿದೆಯೇ, ಕತ್ತರಿಸುವ ಹಲಗೆಯೇ ಕ್ಲ್ಯಾಂಪಿನಿಂದ ಸರಿದಿದೆಯೇ ಎಂದು ನೋಡಿ. ನಡೆ ಬೇರೆ ಇದ್ದರೆ ಲೆಕ್ಕ ಬದಲಾಗುತ್ತದೆ: ನಡೆಯನ್ನು 50ರಿಂದ ಭಾಗಿಸಿ.

ಸ್ಟೆಪ್ ಕಳೆದುಕೊಂಡರೆ ಎಲ್ಲರೂ ಮೊದಲು ಡ್ರೈವರಿನ ಕರೆಂಟ್ ಏರಿಸುತ್ತಾರೆ. ಅದಕ್ಕೂ ಮೊದಲು ವಿದ್ಯುತ್ ಆರಿಸಿ ಸ್ಕ್ರೂವನ್ನು ಕೈಯಿಂದ ತಿರುಗಿಸಿ, ಈ ತುದಿಯಿಂದ ಆ ತುದಿಗೆ ಒಂದೇ ಸಮನಾಗಿ ಹಗುರಾಗಿ ತಿರುಗಬೇಕು. ನಡುವೆ ಎಲ್ಲೋ ಬಿಗಿಯಾದರೆ ಹಳಿ ಸಮಾನಾಂತರವಿಲ್ಲ. ಎಲ್ಲೆಡೆ ಬಿಗಿಯಾಗಿದ್ದರೆ ಬೇರಿಂಗ್. ಅದು ಹಗುರಾಗಿದ್ದೂ ಸ್ಟೆಪ್ ತಪ್ಪಿದರೆ $120ರ ವೇಗವರ್ಧನೆಯನ್ನು ಅರ್ಧಕ್ಕೆ ಇಳಿಸಿ ನೋಡಿ. ವೇಗ ಹೆಚ್ಚಿದಂತೆ ಸ್ಟೆಪ್ಪರಿನ ಬಲ ಇಳಿಯುತ್ತದೆ. ಹೆಚ್ಚು ವೋಲ್ಟೇಜ್ ಆ ಇಳಿತವನ್ನು ಮುಂದೂಡುತ್ತದೆ. 24 ವೋಲ್ಟಿನಲ್ಲಿ ತಡವರಿಸುತ್ತಿದ್ದ ನನ್ನ ಮೋಟಾರು 36ರಲ್ಲಿ ಸಲೀಸಾದದ್ದು ಅದಕ್ಕೇ. ಒಂದು ಎಚ್ಚರಿಕೆ: ಪರೀಕ್ಷೆಯ ಉತ್ಸಾಹದಲ್ಲಿ ವಿದ್ಯುತ್ ಇರುವಾಗಲೇ ಮೋಟಾರಿನ ವೈರ್ ಕೀಳಬೇಡಿ, ಡ್ರೈವರ್ ಆ ಕ್ಷಣವೇ ಸುಟ್ಟುಹೋಗಬಹುದು. ನಾನು ಒಂದನ್ನು ಹಾಗೆ ಕಳೆದುಕೊಂಡಿದ್ದೇನೆ.

ನನ್ನ ಮಟ್ಟಿಗೆ ಮದ್ದು ಸರಳವಿತ್ತು. ಡಬ್ಬಿಯ ತಗಡು ಕಸಕ್ಕೆ ಹೋಯಿತು. ಬೇರಿಂಗ್ ಅಂಗಡಿಯಿಂದ ಎರಡು 7001 ತಂದೆ. 6001ಕ್ಕೂ 7001ಕ್ಕೂ ಅಳತೆ ಒಂದೇ, ಒಳವ್ಯಾಸ 12, ಹೊರವ್ಯಾಸ 28, ದಪ್ಪ 8; ಬ್ಲಾಕ್ ಬದಲಿಸಬೇಕಾಗಿಲ್ಲ. ಕೂರಿಸುವಾಗ ದಿಕ್ಕು ನೋಡಬೇಕು. ಹೊರ ಉಂಗುರದ ಒಂದು ಅಂಚು ದಪ್ಪ, ಇನ್ನೊಂದು ತೆಳು. ದಪ್ಪ ಅಂಚುಗಳು ಒಂದಕ್ಕೊಂದು ತಾಗುವಂತೆ ಬೆನ್ನಿಗೆ ಬೆನ್ನು ಇಟ್ಟೆ. ಎರಡನ್ನೂ ಒಂದೇ ಕಡೆಗೆ ಮುಖ ಮಾಡಿಸಿದರೆ ಒಂದು ದಿಕ್ಕಿನ ಒತ್ತಡ ಮಾತ್ರ ನಿಲ್ಲುತ್ತದೆ, ಇನ್ನೊಂದು ದಿಕ್ಕಿಗೆ ಸ್ಕ್ರೂ ಮತ್ತೆ ಸಡಿಲು. ಲಾಕ್ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ, ಪ್ರತಿ ಬಾರಿಯೂ ಸ್ಕ್ರೂ ತಿರುಗಿಸಿ ನೋಡುತ್ತಾ, ಆಟ ಹೋಗಿ ನುಣುಪು ಉಳಿದಿರುವ ಜಾಗದಲ್ಲಿ ನಿಲ್ಲಿಸಿದೆ. ಒಟ್ಟು ಪ್ಲೇ ಈಗ 0.05.

ಉಳಿದದ್ದನ್ನು ಸಾಫ್ಟ್‌ವೇರಿನಲ್ಲಿ ತಿದ್ದಬಹುದಲ್ಲ ಎಂದು ಕೇಳುವವರಿದ್ದಾರೆ. ಜಿಆರ್‌ಬಿಎಲ್‌ನಲ್ಲಿ ಬ್ಯಾಕ್‌ಲ್ಯಾಶ್ ತಿದ್ದುಪಡಿ ಇಲ್ಲ. ಇರುವ ನಿಯಂತ್ರಕಗಳಲ್ಲೂ ಅದು ಅರೆ ಮದ್ದು: ಮೋಟಾರಿನ ಲೆಕ್ಕ ಸರಿಯಾಗುತ್ತದೆ, ಸಡಿಲು ಅಲ್ಲೇ ಇರುತ್ತದೆ, ಉಳಿ ಮರವನ್ನು ಎಳೆದಾಗ ಗಾಡಿ ಆ ಸಡಿಲಿನೊಳಗೆ ಜಿಗಿಯುತ್ತದೆ. ಉಳಿ ಸಾಗುವ ದಿಕ್ಕಿಗೆ ವಿರುದ್ಧವಾಗಿ ಹಲ್ಲು ಕತ್ತರಿಸುತ್ತಾ ಚಕ್ರದಂತೆ ಉಳಿಯನ್ನು ಮುಂದಕ್ಕೆ ಎಳೆಯುವ ಕ್ಲೈಂಬ್ ಮಿಲ್ಲಿಂಗ್‌ನಲ್ಲಿ ಈ ಜಿಗಿತ ಹೆಚ್ಚು. ಪ್ಲೇ ಇರುವ ಯಂತ್ರದಲ್ಲಿ ಅಲ್ಯೂಮಿನಿಯಂ ಕತ್ತರಿಸಲೇಬೇಕಾದರೆ ಅದಕ್ಕೆ ಎದುರಾದ ಕನ್ವೆನ್ಷನಲ್ ದಿಕ್ಕನ್ನೇ ಆರಿಸಿಕೊಳ್ಳಿ.

ಇದೇ ವೇಷದಲ್ಲಿ ಬರುವ ಬೇರೆ ಕಾಯಿಲೆಗಳು

ಕೆಲಸದ ನಡುವೆ ಯಂತ್ರ ನಿಂತು ‘ಅಲಾರಂ 1’ ಎಂದರೆ ಅಕ್ಷದ ತುದಿಯಲ್ಲಿರುವ ಲಿಮಿಟ್ ಸ್ವಿಚ್ ಒತ್ತಿದೆ ಎಂದರ್ಥ. ಒತ್ತಿಲ್ಲದಿದ್ದರೆ ಟ್ರಿಮ್ಮರಿನ ಬ್ರಷ್ ಕಿಡಿಯ ಗದ್ದಲ ಸ್ವಿಚ್ಚಿನ ವೈರಿಗೆ ಹತ್ತಿದೆ. ಆ ವೈರನ್ನು ಮೋಟಾರ್ ವೈರುಗಳಿಂದ ದೂರ ಎಳೆದು, ಆರ್ಡುಯಿನೊ ಬಳಿ ಸ್ವಿಚ್ ಪಿನ್ನಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದರೆ ಬಹುಪಾಲು ಹೋಗುತ್ತದೆ. ಹಳೆಯ ಬಡಾವಣೆಗಳ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ಟಿಗೆ ಅರ್ಥಿಂಗ್ ನಿಜವಾಗಿಯೂ ಬಂದಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ನಮ್ಮ ಮಹಡಿಯ ಕೋಣೆಯಲ್ಲಿ ತೂತು ಇತ್ತು, ತಂತಿ ಇರಲಿಲ್ಲ.

ಉಳಿ ಬದಲಿಸಿ ಬಂದ ಮೇಲೆ ಅಳತೆ ಕೂದಲೆಳೆಯಷ್ಟು ತಪ್ಪಿದರೆ $1 ನೋಡಿ. ಮೊದಲಿಗೆ ಅದು 25 ಇರುತ್ತದೆ: ಚಲನೆ ನಿಂತ 25 ಮಿಲಿಸೆಕೆಂಡಿಗೆ ಮೋಟಾರಿನ ಹಿಡಿತ ಬಿಡು ಎಂದರ್ಥ. ನೀವು ಕೊಲೆಟ್ ಬಿಗಿಯುವಾಗ ಅಕ್ಷ ತುಸು ತಿರುಗಿಬಿಡುತ್ತದೆ. 255 ಎಂದು ಬರೆದರೆ ಹಿಡಿತ ಬಿಡುವುದಿಲ್ಲ, ಮೋಟಾರು ಬೆಚ್ಚಗಾಗುತ್ತದೆ ಅಷ್ಟೆ. ಇನ್ನು ಅಕ್ಷರ ದುಂಡಾಗಿದ್ದೂ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಯಂತ್ರವನ್ನು ಬೈಯಬೇಡಿ. ವಿನ್ಯಾಸದ ಸಾಫ್ಟ್‌ವೇರಿಗೆ ಕನ್ನಡ ಜೋಡಿಸಲು ಬಂದಿಲ್ಲ. ಇಂಕ್‌ಸ್ಕೇಪಿನಲ್ಲಿ ಬರೆದು, ಅಕ್ಷರವನ್ನು ಗೆರೆಯಾಗಿ ಪರಿವರ್ತಿಸಿ ಆಮೇಲೆ ಕೊಡಿ.

ಮೂರನೆಯ ಬಾರಿ ಕೊರೆದ ಫಲಕ ಪಕ್ಕದ ಮನೆಯ ಗೇಟಿಗೆ ಹೋಯಿತು. ಪರೀಕ್ಷೆಯ 20 ಮಿ.ಮೀ. ಬಿಲ್ಲೆ ಈಗ ಎಕ್ಸ್‌ನಲ್ಲಿ 19.95 ಇದೆ. ಮರದ ಅಕ್ಷರಕ್ಕೆ ಇದು ಬೇಕಾದ್ದಕ್ಕಿಂತ ಹೆಚ್ಚು, ಅಲ್ಯೂಮಿನಿಯಂನಲ್ಲಿ ಬೇರಿಂಗ್ ಕೂರಿಸುವ ಗುಂಡಿಗೆ ಸಾಲದು. ಅಂಥದ್ದನ್ನು ಇನ್ನೂ ಲೇತ್ ಅಂಗಡಿಗೇ ಒಯ್ಯುತ್ತೇನೆ. ಲಾಕ್ ನಟ್ ಮತ್ತು ಸ್ಕ್ರೂವಿನ ಮೇಲೆ ಹಾಯುವಂತೆ ಉಗುರುಬಣ್ಣದ ಒಂದು ಗೆರೆ ಹಾಕಿದ್ದೇನೆ, ನಟ್ ಸಡಿಲಾದರೆ ಗೆರೆ ಒಡೆಯುತ್ತದೆ. ತಿಂಗಳಿಗೊಮ್ಮೆ ಅದನ್ನು ನೋಡುವಾಗ ಪಕ್ಕದ ಕಪಾಟಿನಲ್ಲಿ ಪೊಟ್ಟಣ ಬಿಚ್ಚದ ಬಾಲ್ ನಟ್ಟೂ ಕಣ್ಣಿಗೆ ಬೀಳುತ್ತದೆ.